ನೆನಪಿಗೊಂದು ಹೊತ್ತು, ನೆನಪಿಗೊಂದು ಜಾಗ

ಕಳೆದ ಮಾಗಿಯ ಒಂದು ಸಂಜೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ನನ್ನ ಜೇಬಿನಲ್ಲಿದ್ದ ಫೋನು ಸಣ್ಣಗೆ ಸದ್ದು ಮಾಡಿತು. ತೆಗೆದು ನೋಡಿದರೆ, ಸಮೀಪದಲ್ಲೇ ಔಷಧದ ಅಂಗಡಿ ಇದೆಯೆಂದೂ ರಕ್ತದೊತ್ತಡದ ಮಾತ್ರೆ ಕೊಳ್ಳುವುದು ಬಾಕಿಯಿದೆಯೆಂದೂ ಅದರ ಮೇಲೆ ಮೂಡಿತ್ತು. ತಲೆಯೆತ್ತಿದೆ; ಅಂಗಡಿ ಎದುರಿಗೇ ಇತ್ತು. ಮಾತ್ರೆಯ ವಿಷಯ ನನಗೆ ಮರೆತೇ ಹೋಗಿತ್ತು. ಮನೆಗೆ ಬಂದು ಮಗನನ್ನು ಕೇಳಿದಾಗ ಅವನು ನಗುತ್ತಾ ಗುಟ್ಟು ಬಿಡಿಸಿದ. ಮಾಡಬೇಕಾದ ಕೆಲಸಗಳ ಪಟ್ಟಿಯೊಂದನ್ನು ಅವನು ನನ್ನ ಫೋನಿನಲ್ಲಿ ಬರೆದಿಟ್ಟಿದ್ದ. ಯಾವ ಕೆಲಸ ಎಷ್ಟು ಹೊತ್ತಿಗೆ, ಯಾವ ಎಡೆಯಲ್ಲಿ ಆಗಬೇಕೆಂಬುದನ್ನೂ ಜೊತೆಗೆ ಸೂಚಿಸಿದ್ದ. ಆ ಹೊತ್ತು ಬಂದಾಗ, ಅಥವಾ ಆ ಎಡೆಯನ್ನು ನಾನು ಸಮೀಪಿಸಿದಾಗ, ಯಂತ್ರ ತಾನಾಗಿಯೇ ಎಚ್ಚರಿಸುತ್ತದೆ.

ನನಗೆ ಸೋಜಿಗವಾಯಿತು, ನಿಜ. ಆದರೆ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಾ ಯೋಚಿಸುತ್ತಿದ್ದಂತೆ ಸೋಜಿಗ ಕರಗಿ ಬೇರೊಂದು ಭಾವ ಮೂಡಿತು. ಈ ಏರ್ಪಾಟನ್ನು ನಾನು ಹಿಂದೆಯೂ ಕಂಡಿದ್ದೇನೆ; ಇದೇ ಊರಿನಲ್ಲಿ, ಇದರ ನೆರೆಯ ಹರಿಹರದಲ್ಲಿ ಕಂಡಿದ್ದೇನೆ. ಯಂತ್ರ ಹೊಸದು, ಅದು ಮಾಡುವ ಕೆಲಸ ಹಳೆಯದು. ಆ ಹಳೆಯ ಕೆಲಸದ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ನಿಮ್ಮ ಮುಂದಿಡುತ್ತೇನೆ.

ನಮ್ಮ ಹಿರಿಯರು ಯಾವುದೇ ಪೂಜೆಗೆ ಕುಳಿತಾಗ ಮೊದಲು ಸಂಕಲ್ಪ ಹೇಳುತ್ತಿದ್ದುದನ್ನು ನೀವು ಕೇಳಿರಬಹುದು. ಅದರ ಕ್ರಮವನ್ನು ಗಮನಿಸಿ. ಕಲ್ಪ, ಮನ್ವಂತರಗಳಿಂದ ಹಿಡಿದು ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳವರೆಗೆ ಕಾಲವನ್ನು ಕಿರಿದುಗೊಳಿಸುತ್ತಾ ಬರುತ್ತಾರೆ. ದ್ವೀಪ, ವರ್ಷ, ಖಂಡ, ನದಿಯ ಯಾವ ದಡ ಎಂದು ದೇಶವನ್ನೂ ಹಾಗೆಯೇ ಕಿರಿದುಗೊಳಿಸುತ್ತಾರೆ. ಇವೆರಡೂ ಗೊತ್ತಾದ ಮೇಲೆಯೇ ಮಾಡಲಿರುವ ಕೆಲಸದ ಹೆಸರು ಬರುವುದು. ಶಾಸನಗಳ ರೀತಿಯೂ ಬಹುಮಟ್ಟಿಗೆ ಇದೇ. ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವನು ಕಟ್ಟಿಸಿದ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಗೊತ್ತು, ಶಕವರ್ಷ, ಸಂವತ್ಸರ, ತಿಥಿ, ವಾರಗಳಿಲ್ಲದೆ ಒಂದು ಗದ್ದೆಯೂ ಕೈ ಬದಲಾಯಿಸುತ್ತಿರಲಿಲ್ಲ. ಆ ಗದ್ದೆಯ ನಾಲ್ಕೂ ದಿಕ್ಕಿನ ಎಲ್ಲೆಯನ್ನು ಹೇಳದೆ ಶಾಸನ ಮುಗಿಯುತ್ತಿರಲಿಲ್ಲ. ನಾವು ಕಾಗದ ಬರೆಯುವಾಗ ಮೇಲ್ಗಡೆ ಊರನ್ನೂ ತಾರೀಖನ್ನೂ ಹಾಕುವುದು ಇದೇ ಪದ್ಧತಿಯ ಬಡ ಉಳಿಕೆ. ಕೆಲಸವೊಂದಕ್ಕೆ ಹೊತ್ತು ಮತ್ತು ಎಡೆ ಸಿಕ್ಕರೆ ಅದು ನಿಲ್ಲುತ್ತದೆ. ಸಿಗದಿದ್ದರೆ ಗಾಳಿಯಲ್ಲಿ ತೇಲುತ್ತದೆ.

ಪಂಡಿತರ ಮಾತು ಹಾಗಿರಲಿ. ಅಕ್ಷರ ಬಾರದ ರೈತನ ಪಟ್ಟಿ ಯಾವುದಾಗಿತ್ತು? ಸಂತೆ. ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಬಯಲಿನಲ್ಲಿ ಸಂತೆ ಕೂಡುವುದು ಕನ್ನಡನಾಡಿನಲ್ಲಿ ಬಹಳ ಪುರಾತನವಾದ ಏರ್ಪಾಟು. ವಾರದ ಹೆಸರು ಹಿಡಿದು ಸಂತೆಯನ್ನು ಗುರುತಿಸುವುದನ್ನು ಶಾಸನಗಳಲ್ಲಿಯೂ ಕಾಣುತ್ತೇವೆ. ಕುಡುಗೋಲಿನ ಹಿಡಿ ಸಡಿಲವಾದದ್ದು ರೈತನಿಗೆ ಹೊಲದಲ್ಲಿ ತಿಳಿಯುತ್ತದೆ. ಆದರೆ ಅಂದೇ ಅದನ್ನು ತಲೆಯಲ್ಲಿ ಹೊತ್ತು ತಿರುಗಬೇಕಾಗಿಲ್ಲ. ಸಂತೆಯ ದಿನ, ಕಮ್ಮಾರರು ಕುಳಿತ ಸಾಲಿಗೆ ಬಂದಾಗ, ಆ ಸಾಲೇ ಅವನನ್ನು ಕೇಳುತ್ತದೆ. ಉಪ್ಪಿನ ಗುಡ್ಡೆ ಕಂಡಾಗ ಮನೆಯ ಖಾಲಿ ಮಡಕೆ ನೆನಪಾಗುತ್ತದೆ. ದನದ ಸಂತೆಯ ದಾವಣಿಯ ಬಳಿ ನಿಂತಾಗ, ನೆಂಟನೊಬ್ಬ ಎತ್ತಿನ ಜೋಡಿ ನೋಡಿಡಲು ಹೇಳಿದ್ದು ನೆನಪಾಗುತ್ತದೆ. ದಾವಣಿಯೆಂದರೆ ದನಗಳನ್ನು ಸಾಲಾಗಿ ಕಟ್ಟುವ ಹಗ್ಗ. ಅದಕ್ಕೂ ದಾವಣಗೆರೆಯ ಹೆಸರಿಗೂ ನಂಟು ಹೇಳುವವರಿದ್ದಾರೆ. ಆ ವ್ಯುತ್ಪತ್ತಿಯ ಬಗ್ಗೆ ನಾನು ಪಂಥ ಕಟ್ಟಲಾರೆ. ಆದರೆ ಚೆದುರಿದ್ದನ್ನು ಒಂದು ಸಾಲಿಗೆ ಕಟ್ಟುವ ಹಗ್ಗ ಒಂದು ಪೇಟೆಯೂರಿಗೆ ಒಪ್ಪುವ ಹೆಸರೆಂದು ಮಾತ್ರ ಹೇಳಬಲ್ಲೆ.

ಪೇಟೆಯಾಗಿ ಈ ಊರು ಬೆಳೆದದ್ದು ಹೈದರಾಲಿಯ ಕಾಲದಿಂದೀಚೆಗೆ. ಅದುವರೆಗೆ ಹೆಸರಿಲ್ಲದ ಹಳ್ಳಿಯಾಗಿದ್ದ ಇದನ್ನು ಅವನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪ್ಪೋಜಿರಾಮ ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದು ಗ್ಯಾಸೆಟಿಯರುಗಳು ದಾಖಲಿಸಿವೆ. ವರ್ತಕರು ಬಂದಲ್ಲಿ ಲೆಕ್ಕ ಬರುತ್ತದೆ. ಆ ಕಾಲದ ಲೆಕ್ಕದ ಪುಸ್ತಕವೆಂದರೆ ಕಡತ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್, 1810ರಿಂದ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ಅದರ ಸೊಗಸು ಇಷ್ಟೆ: ಬರೆದದ್ದು ಬೇಕಾದಷ್ಟು ಕಾಲ ಉಳಿಯುತ್ತದೆ, ಬೇಡವಾದಾಗ ಒರೆಸಿಬಿಡಬಹುದು. ಕೆಲಸ ಮುಗಿಯಿತು, ಒರೆಸು. ಮಗನ ಫೋನಿನಲ್ಲಿ ಮುಗಿದ ಕೆಲಸದ ಮೇಲೆ ಬೆರಳೊತ್ತಿದರೆ ಸಾಲು ಮಾಯವಾಗುವುದನ್ನು ಕಂಡಾಗ ನನಗೆ ನೆನಪಾದದ್ದು ಈ ಕರಿಯ ಬಟ್ಟೆಯೇ.

ಆದರೆ ಕಡತ ತಾನಾಗಿ ಕೂಗಿ ಎಚ್ಚರಿಸುವಂಥದ್ದಲ್ಲ. ಎಚ್ಚರಿಸುವ ಕೆಲಸವನ್ನು ದಾರಿ ಮಾಡುತ್ತಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಅಲ್ಲಿ ತುಂಗಭದ್ರೆ. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. 1956ರ ನವೆಂಬರ್ 1ರವರೆಗೆ ಹೊಳೆಯೇ ಗಡಿ. 1868ರಲ್ಲಿ ಕಲ್ಲು-ಇಟ್ಟಿಗೆಯ ಕಮಾನುಗಳ ಸೇತುವೆ ಮುಗಿಯುವವರೆಗೆ ಆಚೆ ದಡಕ್ಕೆ ಹೋಗಬೇಕಾದವನು ಹರಿಗೋಲಿಗೆ ಕಾಯಬೇಕಿತ್ತು. ಮಳೆಗಾಲದಲ್ಲಿ ಹೊಳೆಯ ಕೃಪೆಗೂ ಕಾಯಬೇಕಿತ್ತು. ಹೀಗೆ ಅಪರೂಪವಾದ ದಾಟುವಿಕೆಗೆ ಒಬ್ಬನ ಕೆಲಸ ಸಾಲದು. ದಾಟುವವನ ಹೆಗಲಿಗೆ ಓಣಿಯ ಹತ್ತು ಮನೆಗಳ ಕೆಲಸ ಏರುತ್ತಿತ್ತು. ಸೇತುವೆ ಬಂದ ಮೇಲೂ, ಮೋಟಾರು ಬಂದ ಮೇಲೂ ಈ ರೂಢಿ ಹೋಗಲಿಲ್ಲ. ನನ್ನ ಬಾಲ್ಯದಲ್ಲಿ ಹರಿಹರದ ಬಸ್ಸು ಹತ್ತುವವನನ್ನು ಕಂಡರೆ ಸಾಕು, ಅಜ್ಜಿ ಜಗಲಿಯಿಂದಲೇ ಕೂಗುತ್ತಿದ್ದಳು: “ಹರಿಹರಕ್ಕೆ ಹೋಗ್ತೀಯಲ್ಲಪ್ಪಾ, ಬರೋವಾಗ ಹೊಳೆ ನೀರು ಒಂದು ತಂಬಿಗೆ ತಗಂಬಾ, ಮರೀಬ್ಯಾಡ.” ಅವನು ಮರೆಯುತ್ತಿರಲಿಲ್ಲ. ತಂಬಿಗೆಯನ್ನು ಅವನ ಕೈಯಲ್ಲಿ ಇಟ್ಟೇ ಕಳಿಸುತ್ತಿದ್ದಳು. ಹೊಳೆ ಕಂಡಾಗ ಖಾಲಿ ತಂಬಿಗೆ ತಾನೇ ಮಾತಾಡುತ್ತಿತ್ತು. ಹೋಗುವವರು ಯಾರೂ ಇಲ್ಲದಿದ್ದರೆ ಬಸ್ಸಿನ ಕಂಡಕ್ಟರನಿದ್ದ. ಅವನ ಕೈಗೆ ಪೊಟ್ಟಣವನ್ನೂ ಬಾಯಿಗೆ ಒಂದು ಮಾತನ್ನೂ ಕೊಟ್ಟರೆ ಅವೆರಡೂ ಊರು ಸೇರುತ್ತಿದ್ದವು. ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಂಟು ಏನನ್ನೂ ಹೇಳುವುದಿಲ್ಲ, ಏನೋ ಇದೆಯೆಂದಷ್ಟೇ ಹೇಳುತ್ತದೆ. ಏನೆಂಬುದನ್ನು ಹೇಳಲು ಅಂಗಡಿಬೀದಿಯೇ ಬೇಕು.

ಇಲ್ಲಿಯವರೆಗಿನದು ಮುಖ್ಯವಾಗಿ ಎಡೆಯ ಮಾತಾಯಿತು. ಹೊತ್ತು ನಮ್ಮ ಊರುಗಳಿಗೆ ಗಟ್ಟಿಯಾಗಿ ಬಂದದ್ದು ರೈಲಿನ ಜೊತೆ. ಬೆಂಗಳೂರಿನ ಕಡೆಯಿಂದ ಸಂಸ್ಥಾನದ ರೈಲುದಾರಿ 1889ರಲ್ಲಿ ಹರಿಹರವನ್ನು ಮುಟ್ಟಿತು. ಆಗ ರೈಲು ನಡೆಯುತ್ತಿದ್ದುದು ಮದರಾಸಿನ ಗಡಿಯಾರದ ಮೇಲೆ. ಹರಿಹರದ ಸೂರ್ಯನಿಗಿಂತ ಮದರಾಸಿನ ಗಡಿಯಾರ ಸುಮಾರು 18 ನಿಮಿಷ ಮುಂದು. ಹೊತ್ತು ನೋಡಿ ಹೊರಟವನಿಗೆ ನಿಲ್ದಾಣದಲ್ಲಿ ರೈಲಿನ ಹೊಗೆ ಮಾತ್ರ ಕಂಡಿರಲಿಕ್ಕೆ ಸಾಕು. 1906ರಿಂದ ಭಾರತದ ಏಕರೂಪದ ಕಾಲಮಾನ ಬಂದಾಗ ಈ ಅಂತರ ಸುಮಾರು 27 ನಿಮಿಷಕ್ಕೆ ಹಿಗ್ಗಿತು. ಇಂದಿಗೂ ಅಷ್ಟೇ ಇದೆ. ನಮ್ಮ ಗಡಿಯಾರದಲ್ಲಿ ಹನ್ನೆರಡಾದಾಗ ನಮ್ಮ ನೆತ್ತಿಯ ಮೇಲೆ ಸೂರ್ಯ ಇನ್ನೂ ಬಂದಿರುವುದಿಲ್ಲ. ಈ ಚಿಕ್ಕ ಸುಳ್ಳಿಗೆ ನಾವು ಎಷ್ಟು ಒಗ್ಗಿದ್ದೇವೆಂದರೆ ಅದು ಸುಳ್ಳೆಂಬುದೇ ಮರೆತಿದೆ. ಹಳಿ ದಾವಣಗೆರೆಯನ್ನು ಎರಡಾಗಿ ಸೀಳಿಕೊಂಡು ಹೋಗಿದೆ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ಮುಚ್ಚಿದಾಗ ಸೈಕಲ್ಲು ಹಿಡಿದು ನಿಂತ ಜನ ಬೈದುಕೊಳ್ಳುತ್ತಿದ್ದರು. ಆದರೆ ಎಷ್ಟೋ ಮರೆತ ಕೆಲಸಗಳು ನೆನಪಾಗುತ್ತಿದ್ದುದೂ ಆ ಗೇಟಿನಲ್ಲಿ ನಿಂತಾಗಲೇ.

ಇನ್ನು ಗಿರಣಿಗಳ ವಿಷಯ. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು.

1930ರ ದಶಕದಿಂದ ಮುಂದಕ್ಕೆ ದಾವಣಗೆರೆಯಲ್ಲಿ ಒಂದರ ಹಿಂದೊಂದು ಹತ್ತಿ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರೂ ಬಂತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳನ್ನು ಮಾಡತೊಡಗಿತು. ಎರಡೂ ಊರುಗಳ ದಿನಚರಿ ಪಾಳಿಗಳಿಗೆ ಹೊಂದಿಕೊಂಡಿತು. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ವಿಧಿಸಿದ ಮೇಲೆ ಆ ಹೊಂದಿಕೆ ಇನ್ನೂ ಬಿಗಿಯಾಯಿತು. ನನ್ನ ತಂದೆ ಇಂಥದೊಂದು ಗಿರಣಿಯ ನೂಲಿನ ಖಾತೆಯಲ್ಲಿದ್ದರು. ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ; ಬೇಕಾಗಿಯೂ ಇರಲಿಲ್ಲ. ಮೊದಲ ಕೂಗಿಗೆ ಒಲೆ ಹೊತ್ತುತ್ತಿತ್ತು. ಎರಡನೆಯ ಕೂಗಿಗೆ ತಂದೆ ಗೇಟಿನೊಳಗಿರಬೇಕು. ತಾಯಿ ನಮಗೆ ಕೆಲಸ ಹೇಳುತ್ತಿದ್ದುದೂ ಕೂಗಿನ ಲೆಕ್ಕದಲ್ಲೇ: “ಎರಡನೇ ಕೂಗಾತು ನೋಡು, ಸೊಸೈಟಿಗೆ ಓಡು.” ಮಧ್ಯಾಹ್ನದ ಕೂಗಿನ ಹೊತ್ತಿಗೆ ಬುತ್ತಿ ಹಿಡಿದು ನಾನು ಗೇಟಿನ ಬಳಿ ನಿಂತಿರಬೇಕು; ಹಿಂತಿರುಗುವಾಗ ಮಂಡಕ್ಕಿ ಭಟ್ಟಿಯಿಂದ ಎರಡು ಸೇರು ಮಂಡಕ್ಕಿ. ಅದನ್ನು ಯಾರೂ ನನಗೆ ದಿನಾ ಹೇಳುತ್ತಿರಲಿಲ್ಲ. ಹುರಿಯುವ ಮರಳಿನ ವಾಸನೆ ಹೇಳುತ್ತಿತ್ತು. ಬೆಳಗಿನ ವೇಳೆಗೆ ಮಾತ್ರ ಕೂಗಿನ ಜೊತೆ ಪಕ್ಕದ ಮನೆಯ ರೇಡಿಯೋವೂ ಸೇರುತ್ತಿತ್ತು. 1974ರಿಂದ ಬರತೊಡಗಿದ ಸಂಸ್ಕೃತ ವಾರ್ತೆಯ ಒಂದು ಮಾತೂ ಅರ್ಥವಾಗದ ನನ್ನ ತಾಯಿ, ಅದು ಆರಂಭವಾದೊಡನೆ ಹಾಲಿನ ಪಾತ್ರೆ ಇಳಿಸುತ್ತಿದ್ದಳು.

ತಂದೆಗೆ ಐವತ್ತು ದಾಟಿದ ಮೇಲೆ ರಕ್ತದೊತ್ತಡ ಕಾಣಿಸಿತು. ವೈದ್ಯರು ಬೆಳಿಗ್ಗೆ ಇಷ್ಟು ಗಂಟೆಗೆ, ರಾತ್ರಿ ಇಷ್ಟು ಗಂಟೆಗೆ ಎಂದು ಚೀಟಿ ಬರೆದುಕೊಟ್ಟರು. ತಾಯಿ ಅದನ್ನು ಮನಸ್ಸಿನಲ್ಲೇ ನಮ್ಮ ಭಾಷೆಗೆ ತಂದುಕೊಂಡಳು: ಮೊದಲ ಕೂಗಿಗೊಂದು, ರಾತ್ರಿ ಪಾಳಿಯ ಕೂಗಿಗೊಂದು. ಎಷ್ಟೋ ವರ್ಷ ಇದು ತಪ್ಪಲಿಲ್ಲ. 1990ರ ದಶಕದಲ್ಲಿ ಗಿರಣಿ ನಿಂತಿತು. ಬಾಕಿ ಸಂಬಳ, ಕೋರ್ಟು, ಕಚೇರಿಗಳ ಕತೆ ಇಲ್ಲಿ ಬೇಡ. ಆ ಕತೆ ನಮ್ಮ ಊರಿನಲ್ಲಿ ಯಾರಿಗೂ ಹೊಸದಲ್ಲ. ನಾನು ಹೇಳಬೇಕಾದದ್ದು ಕೂಗಿನ ವಿಷಯ. ಗಿರಣಿ ನಿಂತ ಬೆಳಿಗ್ಗೆ ಕೂಗು ಕೇಳಲಿಲ್ಲ, ಒಲೆ ತಡವಾಗಿ ಹೊತ್ತಿತು. ತಂದೆ ಜಗಲಿಯ ಮೇಲೆ ಕುಳಿತೇ ಇದ್ದರು. ಮಾತ್ರೆಯನ್ನು ಕೆಲವು ದಿನ ತೆಗೆದುಕೊಂಡರು, ಕೆಲವು ದಿನ ಇಲ್ಲ. ಯಾವ ದಿನ ತೆಗೆದುಕೊಂಡರೆಂಬುದು ಅವರಿಗೂ ಗೊತ್ತಿರಲಿಲ್ಲ. ನಾನು ಆಗ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದೆ. ಒಂದು ಗಡಿಯಾರ ತಂದುಕೊಟ್ಟೆ. ಅದು ಗೋಡೆಯ ಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು. ವರ್ಷ ತುಂಬುವುದರೊಳಗೆ ಅವರಿಗೆ ಲಕ್ವ ಹೊಡೆಯಿತು. ಕೂಗು ನಿಂತದ್ದರಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ವೈದ್ಯರು ಬೀಡಿಯನ್ನೂ ಚಿಂತೆಯನ್ನೂ ಕಾರಣವಾಗಿ ಹೇಳಿದರು, ಅವೂ ನಿಜವೇ. ಆದರೆ ಎರಡು ಕೂಗಿನ ನಡುವೆ ಸಾಲಾಗಿ ಕಟ್ಟಿದ್ದ ಕೆಲಸಗಳೆಲ್ಲ ಒಮ್ಮೆಲೇ ಹಗ್ಗ ಬಿಚ್ಚಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆನಪಿನ ಶಕ್ತಿ ಕುಂದಿತೆಂದು ನೆಂಟರು ಹೇಳುತ್ತಿದ್ದರು. ಕುಂದಿದ್ದು ತಂದೆಯ ನೆನಪಲ್ಲ, ಊರಿನದು.

ಇದೇ ಹೊತ್ತಿನಲ್ಲಿ ದೂರದ ದೇಶಗಳಲ್ಲಿ ಕೆಲವರು ಇದೇ ಸಮಸ್ಯೆಯ ಬೆನ್ನು ಹತ್ತಿದ್ದರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1994ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಿಕ್ ಲ್ಯಾಮಿಂಗ್, ಮೈಕ್ ಫ್ಲಿನ್ ಎಂಬಿಬ್ಬರು ‘ಫರ್ಗೆಟ್-ಮಿ-ನಾಟ್’ ಎಂಬ ಪ್ರಯೋಗವನ್ನು ಪ್ರಕಟಿಸಿದರು. ಮನುಷ್ಯ ಎಲ್ಲಿದ್ದ, ಯಾರೊಡನಿದ್ದ ಎಂಬುದನ್ನು ಕೈಯಳತೆಯ ಯಂತ್ರ ತಾನೇ ಗುರುತಿಟ್ಟುಕೊಂಡರೆ, ಅದರ ಜಾಡು ಹಿಡಿದು ಮರೆತದ್ದನ್ನು ಹುಡುಕಬಹುದೆಂಬುದು ಅವರ ಎಣಿಕೆ. ಅದು ಕಚೇರಿಯೊಂದರ ಗೋಡೆಗಳೊಳಗಿನ ಮಾತು. ಬಯಲಿನಲ್ಲಿ ಮನುಷ್ಯನ ಎಡೆಯನ್ನು ಹೇಳುವುದು ಉಪಗ್ರಹಗಳ ಕೆಲಸ. ಅಮೆರಿಕದ ಜಿಪಿಎಸ್ ಸಂಕೇತಗಳನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕಾಗಿಸಿ ಕೊಡುತ್ತಿದ್ದರು. ತಪ್ಪು ನೂರು ಮೀಟರಿನವರೆಗೂ ಹೋಗುತ್ತಿತ್ತು. ಚೌಕಿಪೇಟೆಯಲ್ಲಿ ನಿಂತವನನ್ನು ಹಿಂದಿನ ಬೀದಿಯಲ್ಲಿದ್ದಾನೆಂದು ಹೇಳಿದರೆ ಎಚ್ಚರಿಕೆಗೆ ಏನು ಬೆಲೆ? 2000ದ ಮೇ ತಿಂಗಳಲ್ಲಿ ಆ ಮಸುಕನ್ನು ತೆಗೆದರು. ಅದೇ ವರ್ಷ ಎಂ.ಐ.ಟಿ.ಯ ನತಾಲಿಯಾ ಮರ್ಮಾಸೆ ಮತ್ತು ಕ್ರಿಸ್ ಶ್ಮಾಂಟ್ ‘ಕಾಮೋಷನ್’ ಎಂಬ ಏರ್ಪಾಟನ್ನು ವಿವರಿಸಿದರು. ದಿನಸಿಯ ಪಟ್ಟಿ ದಿನಸಿ ಅಂಗಡಿಯ ಬಳಿ ಬಂದಾಗಲೇ ಎದ್ದು ಬರಬೇಕು. ಅವರು ಹಿಡಿದ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಕಟ್ಟಡದೊಳಗೆ ಹೊಕ್ಕೊಡನೆ ಉಪಗ್ರಹದ ಸಂಕೇತ ತಪ್ಪಿಹೋಗುತ್ತದೆ. ಹೀಗೆ ಒಂದೇ ಎಡೆಯಲ್ಲಿ ಮತ್ತೆ ಮತ್ತೆ ತಪ್ಪಿಹೋದರೆ, ಈ ಮನುಷ್ಯನಿಗೆ ಆ ಎಡೆ ಮುಖ್ಯವಾದದ್ದೆಂದು ಯಂತ್ರ ತಿಳಿದುಕೊಂಡು, ಇದಕ್ಕೆ ಏನು ಹೆಸರು ಎಂದು ಕೇಳುತ್ತದೆ. ಕಾಣೆಯಾದ ಜಾಗವೇ ಅವನ ಮನೆ!

2005ರಲ್ಲಿ ಸ್ಯಾನ್ ಡಿಯಾಗೋದ ಸಂಶೋಧಕರು ಮೊಬೈಲ್ ಫೋನುಗಳಲ್ಲೇ ಇದನ್ನು ಪರೀಕ್ಷಿಸಿದಾಗ ಮತ್ತೊಂದು ಸ್ವಾರಸ್ಯ ಗೊತ್ತಾಯಿತು. ಜನ ಎಡೆಯನ್ನು ಎಡೆಗಾಗಿಯೇ ಬಳಸುತ್ತಿರಲಿಲ್ಲ. ಅಲ್ಲಿ ತಮಗೆ ಸಿಗುವ ಬಿಡುವಿಗೆ, ಅಲ್ಲಿರುವ ಸಾಧನಕ್ಕೆ, ಅಲ್ಲಿರುವ ಮನುಷ್ಯರಿಗೆ ಅದನ್ನೊಂದು ಗುರುತಾಗಿ ಬಳಸುತ್ತಿದ್ದರು. ನಮ್ಮ ರೈಲ್ವೆ ಗೇಟಿನಲ್ಲಿ ಸೈಕಲ್ಲು ಹಿಡಿದು ನಿಂತವರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರೇನೋ. 2011ರಲ್ಲಿ ಆಪಲ್ ಕಂಪನಿ ಈ ಸೌಕರ್ಯವನ್ನು ತನ್ನ ಫೋನಿನಲ್ಲಿ ಅಳವಡಿಸಿತು. ಬೇರೆಯವರೂ ಹಿಂದೆಯೇ ಬಂದರು. ಎಡೆ ತಿಳಿಸುವ ಭಾರತದ್ದೇ ಉಪಗ್ರಹಗಳು 2013ರಿಂದ ಏರತೊಡಗಿದವು. ಅವುಗಳ ಪಥನಿರ್ದೇಶನ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ.

ಹಾಗಾದರೆ ಊರು ಕಳೆದುಕೊಂಡದ್ದನ್ನು ಫೋನು ತಂದುಕೊಟ್ಟಿತೇ? ಅರ್ಧ ತಂದುಕೊಟ್ಟಿತೆಂದು ನನ್ನ ಅಭಿಪ್ರಾಯ. ಗಿರಣಿಯ ಕೂಗು ಎಲ್ಲರಿಗೂ ಕೇಳುತ್ತಿತ್ತು. ನಾನು ಮರೆತರೆ ಪಕ್ಕದ ಮನೆಯವರು, “ಯಾಕೋ, ಬುತ್ತಿ ಒಯ್ಯಲಿಲ್ವಾ?” ಎಂದು ಕೇಳುತ್ತಿದ್ದರು. ಈಗಿನ ಎಚ್ಚರಿಕೆ ನನ್ನ ಜೇಬಿನಲ್ಲಿ ಮಿಡಿದು ಅಲ್ಲಿಯೇ ಅಡಗುತ್ತದೆ. ಪಕ್ಕದಲ್ಲಿ ನಡೆಯುವವನಿಗೆ ಅದರ ಸುಳಿವಿಲ್ಲ. ನನ್ನ ಪಟ್ಟಿಯಲ್ಲಿ ಇನ್ನೊಬ್ಬರ ತಂಬಿಗೆ ಇಲ್ಲ. ಹಾಗೆಂದು ಹಳೆಯದೆಲ್ಲ ಚಂದವೆಂದೂ ನಾನು ಹೇಳಲಾರೆ. ಆ ಕೂಗು ಯಜಮಾನನ ಕೂಗು. ಐದು ನಿಮಿಷ ತಡವಾದವನ ಮುಖಕ್ಕೆ ಗೇಟು ಮುಚ್ಚುತ್ತಿತ್ತು. ತಂಬಿಗೆ ಹಿಡಿದು ಹೋದ ಹುಡುಗನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಲಿಲ್ಲ. ಫೋನಿನ ಯಜಮಾನ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ ಎಂಬುದನ್ನು ನಾನು ಕಂಡರಿಯದ ಒಂದು ಕಂಪನಿ ತಿಳಿಯಬಲ್ಲದು. ಕಂಡಕ್ಟರನಿಗೂ ನನ್ನ ಮನೆಯ ಗುಟ್ಟುಗಳು ಗೊತ್ತಿದ್ದವು. ಆದರೆ ಅವನ ಮನೆಯ ಗುಟ್ಟುಗಳು ನನಗೂ ಗೊತ್ತಿದ್ದವು.

ಗಿರಣಿಗಳ ಕಟ್ಟಡಗಳು ಹೋದ ಮೇಲೂ ಹೆಸರುಗಳು ಹೋಗಿಲ್ಲ. ಡಿ.ಸಿ.ಎಂ. ಟೌನ್‌ಶಿಪ್ ಎನ್ನುವ ಹುಡುಗರಲ್ಲಿ ಎಷ್ಟೋ ಮಂದಿಗೆ ಅದು ದಾವಣಗೆರೆ ಕಾಟನ್ ಮಿಲ್ಸ್ ಎಂಬುದು ತಿಳಿಯದು. ನನ್ನ ತಂದೆಯ ಗಿರಣಿಯಿದ್ದಲ್ಲಿ ಈಗ ಮನೆಗಳ ಸಾಲು. ಸಂಜೆಯ ನಡಿಗೆಯಲ್ಲಿ ನಾನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗೇಟಿನ ಕಲ್ಲುಗಂಬ ಇದ್ದ ಕಡೆ ಒಂದು ಹೊಂಗೆಮರವಿದೆ.

ಮೊನ್ನೆ ಮಗ ಕೇಳಿದ, “ಅಪ್ಪಾಜಿ, ರಾತ್ರಿ ಮಾತ್ರೆಗೂ ಒಂದು ಜಾಗ ಹಾಕ್ಲಾ? ಮನೆಗೆ ಬಂದ್ರೆ ಮರೀತೀರಿ. ದಿನಾ ತಪ್ಪದೆ ಎಲ್ಲಿಗೆ ಹೋಗ್ತೀರಿ ಹೇಳಿ.” ಹೊಂಗೆಮರದ ಗುರುತು ಹೇಳಿದೆ. ಅವನು ನಕ್ಷೆಯಲ್ಲಿ ಅಲ್ಲಿಗೆ ಬೆರಳೊತ್ತಿ, ಇದಕ್ಕೆ ಏನು ಹೆಸರು ಕೊಡಲಿ ಎಂದ. ಮಿಲ್ ಗೇಟು ಎಂದು ಬರೆಯಲು ಹೇಳಿದೆ. ಈಗ ಮಾತ್ರೆಯನ್ನೂ ಒಂದು ಸಣ್ಣ ಬಾಟಲಿ ನೀರನ್ನೂ ಜೇಬಿನಲ್ಲೇ ಇಟ್ಟುಕೊಂಡು ಹೊರಡುತ್ತೇನೆ. ಮರದ ಕೆಳಗೆ ಬಂದೊಡನೆ ಫೋನು ಮಿಡಿಯುತ್ತದೆ.